ತೆನೆ ಹಬ್ಬದ ಮೊದಲ ಸಾಲು

ಬೇರೆಯವರ ಹಬ್ಬವೆಂದರೆ ನನಗೆ ನಮ್ಮ ಮನೆಯ ಹಬ್ಬಕ್ಕಿಂತ ಒಂದು ಹಿಡಿ ಹೆಚ್ಚೇ ಇಷ್ಟ. ನಮ್ಮ ಮನೆಯ ಹಬ್ಬದಲ್ಲಿ ನಾನು ಒಲೆಯ ಮುಂದಿರುತ್ತೇನೆ, ಬೇರೆಯವರ ಹಬ್ಬದಲ್ಲಿ ಎಲೆಯ ಮುಂದೆ. ಕಾಪುವಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಬ್ಯಾರಿ ಟೀಚರ ಮನೆಯ ಈದ್ ಊಟವನ್ನು ನಾನು ಇದುವರೆಗೆ ತಪ್ಪಿಸಿದವಳಲ್ಲ. ಮಣಿಪಾಲದಲ್ಲಿ ಬಂಗಾಳಿಗಳೆಲ್ಲ ಸೇರಿ ದುರ್ಗಾಪೂಜೆ ಮಾಡುತ್ತಾರೆಂದು ಗೊತ್ತಾದ ವರ್ಷವೇ ನಮ್ಮವರನ್ನು ಎಳೆದುಕೊಂಡು ಹೋಗಿ, ಒಂದಕ್ಷರ ಅರ್ಥವಾಗದ ಹಾಡಿಗೆ ತಲೆದೂಗಿ ಬಂದಿದ್ದೇನೆ. ಕಡಿಯಾಳಿ ದೇವಸ್ಥಾನದ ನವರಾತ್ರಿಗೆ ಹೇಗೂ ಹೋಗಲೇಬೇಕು, ಅದು ಲೆಕ್ಕಕ್ಕಿಲ್ಲ.

"ನೀನು ಹಬ್ಬಕ್ಕೆ ಹೋಗುವುದಾ, ಊಟಕ್ಕೆ ಹೋಗುವುದಾ?" ಎಂದು ನಮ್ಮವರು ಕೇಳುವುದುಂಟು. ಅವರು ಬಹಳ ವರ್ಷ ಮಸ್ಕತ್ತಿನಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಅಲ್ಲಿ ಯಾರೊಡನೆಯೂ ಹೆಚ್ಚು ಮಾತಾಡದೆ ಕೂಡಿಟ್ಟ ಮಾತನ್ನೆಲ್ಲ ಈಗ ನನ್ನ ಮೇಲೆ ಖರ್ಚು ಮಾಡುತ್ತಿದ್ದಾರೆ.

ಎರಡಕ್ಕೂ ಅಲ್ಲ. ನಿಮ್ಮಲ್ಲಿ ಮುಚ್ಚಿಡುವುದೇನು? ಹೋದಲ್ಲಿ ನಾಲ್ಕು ಜನ ತಿರುಗಿ ನೋಡಿ "ಓ, ಜಲಜಾ ಟೀಚರ್ ಬಂದಿದ್ದಾರೆ" ಎನ್ನಬೇಕು. ಆ ಒಂದು ಮಾತಿಗಾಗಿ ನಾನು ಎಷ್ಟು ದೂರದ ಬಸ್ಸು ಬೇಕಾದರೂ ಹತ್ತಿಯೇನು. ಸರ್ವಧರ್ಮ ಸಮಭಾವದ ಬಗ್ಗೆ ಶಾಲೆಯಲ್ಲಿ ನಾನು ಮಾಡುವ ಭಾಷಣದಲ್ಲಿ ಈ ವಿಷಯ ಬರುವುದಿಲ್ಲ.

ಆ ಮಾತು ನನ್ನ ಬದಲು ಇನ್ನೊಬ್ಬರಿಗೆ ಹೋದರೆ ಏನಾಗುತ್ತದೆ ಎಂಬುದು ಮೊನ್ನೆಯ ತೆನೆ ಹಬ್ಬದವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಹಿರಿಯರು ಮನುಷ್ಯನ ಆರು ವೈರಿಗಳನ್ನು ಹೇಳುವಾಗ ಮತ್ಸರವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಮಕ್ಕಳಿಗೆ ಪಾಠ ಮಾಡುವಾಗ ನಾನು ಅದನ್ನು ಎಲ್ಲಕ್ಕಿಂತ ಸಣ್ಣ ವೈರಿ ಎಂದು ಹೇಳಿಬಿಟ್ಟಿದ್ದೆ. ಮದುವೆ ಊಟದಲ್ಲಿ ಪಾಯಸ ಕೊನೆಗೆ ಬರುವುದು ಸಣ್ಣದೆಂದಲ್ಲ ಎಂಬುದು ಆಗ ಹೊಳೆಯಲಿಲ್ಲ. ತುಳುವಿನಲ್ಲಿ ಇದಕ್ಕೆ ನಂಜಿ ಎನ್ನುತ್ತೇವೆ, ಕನ್ನಡದ ನಂಜಿಗೆ ಒಡಹುಟ್ಟಿದ ಪದ. ಕನ್ನಡಿಗರು ಹೊಟ್ಟೆಕಿಚ್ಚು ಎಂದರು. ವಿಷವೋ ಬೆಂಕಿಯೋ ಎಂದು ಎರಡು ಭಾಷೆಗಳೂ ತೀರ್ಮಾನಕ್ಕೆ ಬಂದಿಲ್ಲ. ಎರಡನ್ನೂ ಅನುಭವಿಸಿದವಳಾಗಿ ಹೇಳುತ್ತೇನೆ, ಬೆಳಗ್ಗೆ ಬೆಂಕಿ, ಸಂಜೆ ವಿಷ.

ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹುಟ್ಟುಹಬ್ಬದ ದಿನ ನಮ್ಮ ಕರಾವಳಿಯ ಕ್ರೈಸ್ತರು ಹೊಸ ತೆನೆಯ ಹಬ್ಬ ಮಾಡುತ್ತಾರೆ. ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲಮರಿಯಮ್ಮನಿಗೆ ಎರಚುತ್ತಾ ಹಾಡುತ್ತಾರೆ. ಹಬ್ಬದ ದಿನ ಇಗರ್ಜಿಯ ಅಂಗಳದಲ್ಲಿ ಹಸಿರು ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕಿ, ಬಾಳೆಲೆಯಲ್ಲಿ ಮೀನು ಮಾಂಸವಿಲ್ಲದ ಊಟ. ನಮ್ಮಲ್ಲೂ ಹೊಸ ತೆನೆಯನ್ನು ಮನೆಗೆ ತಂದು ಬಾಗಿಲಿಗೆ, ಕಂಬಕ್ಕೆ, ಅಕ್ಕಿಯ ಡಬ್ಬಕ್ಕೆ ಕಟ್ಟುವ ಹಬ್ಬ ಇರುವುದರಿಂದ ಇದು ಪರಕೀಯ ಎಂದು ಯಾರಿಗೂ ಅನಿಸಿದ್ದಿಲ್ಲ. ಅದು ಅವರ ಹಬ್ಬ, ತೆನೆ ನಮ್ಮದು.

'ತೆನೆ ನಮ್ಮದು' ಎಂದದ್ದು ಅಲಂಕಾರಕ್ಕಲ್ಲ. ನಮ್ಮ ಊರಿನ ಇಗರ್ಜಿಗೆ ಹಬ್ಬದ ತೆನೆ ಹೋಗುತ್ತಿದ್ದದ್ದು ನಮ್ಮ ಗದ್ದೆಯಿಂದ. ನನ್ನ ಮಾವ ತಮ್ಮ ಕಾಲದಲ್ಲಿ ಶುರು ಮಾಡಿದ್ದು. ಅವರು ಹೋದ ಮೇಲೆ ಉಳಿದ ಗದ್ದೆಗಳನ್ನು ಹಡಿಲು ಬಿಟ್ಟೆವು. ಹಡಿಲು ಎಂದರೆ ಬಿತ್ತದೆ ಬಿಟ್ಟ ಗದ್ದೆ, ಈಗ ನಮ್ಮ ಬೈಲಿನಲ್ಲಿ ಎತ್ತ ನೋಡಿದರೂ ಅದೇ. ಆದರೆ ಇಗರ್ಜಿಯ ಹಾದಿಗೆ ತಾಗಿದ ಒಂದು ಗದ್ದೆಯನ್ನು ಮಾತ್ರ ನಾನು ಬಿಡಲಿಲ್ಲ. "ಇದರಿಂದ ಬರುವ ಅಕ್ಕಿಗಿಂತ ನಿನ್ನ ಬೆನ್ನುನೋವಿನ ಎಣ್ಣೆ ಜಾಸ್ತಿ ಖರ್ಚಾಗ್ತದೆ" ಎಂದು ನಮ್ಮವರು ಪ್ರತಿವರ್ಷ ಹೇಳುತ್ತಿದ್ದರು. ಅಕ್ಕಿ ಯಾರಿಗೆ ಬೇಕಿತ್ತು? ಹಬ್ಬದ ದಿನ ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ. ಪೂಜೆ ಮುಗಿದ ಮೇಲೆ ಪಾದ್ರಿಗಳು ಮೈಕಿನಲ್ಲಿ ಕೊಂಕಣಿಯಲ್ಲಿ ಎಲ್ಲರಿಗೂ ಕೃತಜ್ಞತೆ ಹೇಳುತ್ತಾ ಬಂದು, ಹಾಡಿದ ಮಕ್ಕಳ ನಂತರ, ಕೊನೆಯಲ್ಲಿ ನನ್ನ ಹೆಸರು ಹೇಳಿ "ದೇವ್ ಬರೆಂ ಕರುಂ" ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ. ನಾನು ಎದ್ದು ಅತ್ತ ಒಮ್ಮೆ, ಇತ್ತ ಒಮ್ಮೆ ಕೈಮುಗಿಯುತ್ತಿದ್ದೆ. ಅಂಗಳದಲ್ಲಿದ್ದ ಅಷ್ಟೂ ಸಂಸಾರಗಳು ನನ್ನನ್ನು ನೋಡುತ್ತಿದ್ದವು. ವರ್ಷಕ್ಕೊಮ್ಮೆ ಅರೆನಿಮಿಷದ ವೈಭವ, ಅಷ್ಟೇ.

ಈ ವರ್ಷ ಜೂನ್ ಕೊನೆಯಲ್ಲಿ ಬಂದ ನೆರೆಗೆ ನನ್ನ ನೇಜಿ, ಎಂದರೆ ಭತ್ತದ ಸಸಿ, ಕೊಳೆತುಹೋಯಿತು. ಮತ್ತೆ ಬಿತ್ತಿ, ಮತ್ತೆ ನೆಟ್ಟು, ಆಗಸ್ಟ್ ಮುಗಿಯುವಾಗ ಗದ್ದೆ ಹಸಿರಾಗಿಯೇನೋ ಇತ್ತು, ಬರೀ ಹಸಿರು. ತೆನೆ ಬಿಡಿ, ತೆನೆ ಹೊರಬರುವ ಮೊದಲು ಪೈರಿನ ಹೊಟ್ಟೆ ಉಬ್ಬುತ್ತದಲ್ಲ, ಹೊಡೆ ಎನ್ನುತ್ತೇವೆ, ಅದೂ ಇಲ್ಲ.

ಪಕ್ಕದ ಗದ್ದೆಯಲ್ಲಿ ಮಾತ್ರ ತೆನೆಗಳು ತಲೆದೂಗುತ್ತಿದ್ದವು.

ಆ ಗದ್ದೆ ಮುಂಬೈಯಲ್ಲಿರುವ ನನ್ನ ಮೈದುನನದು. ಎಷ್ಟೋ ಕಾಲದಿಂದ ಹಡಿಲು ಬಿದ್ದಿತ್ತು. ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಯಾರೋ ಹೆಂಗಸು ಸೆರಗು ಬಿಗಿದು ಅಲ್ಲಿ ಹುಲ್ಲು ಸವರುವುದು ಕಂಡಿತು. ನನ್ನನ್ನು ಕಂಡದ್ದೇ ಕತ್ತಿ ಎತ್ತಿ ಹಿಡಿದು ಕೂಗಿದಳು.

"ಟೀಚರಮ್ಮಾ, ಈ ಹೊಲ ಇನ್ನ ನಾ ಮಾಡಾಕಿ ರೀ! ನಿಮ್ಮ ಮೈದುನರು ಫೋನ್ ಮಾಡಿ, ಖಾಲಿ ಬೀಳೂದಕ್ಕಿಂತ ನೀನs ಮಾಡ್ಕೋ ಅಂದಾರ."

ಅವಳೇ ಗಂಗವ್ವ. ಗಂಗಾವತಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ಅವಳು ಕಟಪಾಡಿಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಮಣಿಪಾಲದ ಮೆಸ್ಸುಗಳಿಗೆ ಕಳಿಸುತ್ತಾಳೆ. ಸುಮ್ಮನಿರುವುದು ಅವಳಿಗೆ ಗೊತ್ತಿಲ್ಲ. ಮಳೆ ಹನಿಯುವ ಮೊದಲೇ ಬಾವಿಯ ನೀರು ಹಾಯಿಸಿ ನೇಜಿ ಹಾಕಿದಳು. "ಇಲ್ಲಿ ಹಾಗೆಲ್ಲ ಹಾಕುವ ಕ್ರಮ ಇಲ್ಲ, ಮಳೆ ಹಿಡಿಯಲಿ" ಎಂದು ನಾನು ಬುದ್ಧಿ ಹೇಳಿದೆ. "ಭತ್ತದ ನಾಡಿನಾಕಿಗೆ ಭತ್ತ ಕಲಿಸ್ತೀರೇನ್ರಿ?" ಎಂದು ನಕ್ಕಳು. ನೆರೆ ಬರುವಾಗ ಅವಳ ಪೈರು ಮೊಣಕಾಲೆತ್ತರ ನಿಂತಿತ್ತು, ಬದುಕಿತು. ಅದು ಜಾಣತನವಲ್ಲ, ಬರೀ ಅದೃಷ್ಟ ಎಂದು ನಾನು ಈಗಲೂ ವಾದಿಸುತ್ತೇನೆ. ವಾದ ಕೇಳಲು ಮನೆಯಲ್ಲಿ ಯಾರೂ ತಯಾರಿಲ್ಲ.

ಅವಳ ಮೇಲೆ ನನಗೆ ಇನ್ನೊಂದು ಸಿಟ್ಟಿತ್ತು. ನಾನು ಕನ್ನಡ ಟೀಚರ್. ಮನೆಮಾತು ತುಳು, ಕನ್ನಡವನ್ನು ಪುಸ್ತಕದಿಂದ, ವ್ಯಾಕರಣದಿಂದ, ಕಷ್ಟಪಟ್ಟು ಸಂಪಾದಿಸಿದವಳು. ಗಂಗವ್ವ ಬಾಯಿ ಬಿಟ್ಟರೆ ಸಾಕು, ಒಂದು ವ್ಯಾಕರಣವೂ ಇಲ್ಲದೆ ಕನ್ನಡ ಉಕ್ಕುತ್ತದೆ. ನಾನು 'ಬಹಳ ಸಂತೋಷವಾಯಿತು' ಎನ್ನುವಷ್ಟರಲ್ಲಿ ಅವಳು ಎರಡು ಗಾದೆ, ಒಂದು ಬೈಗುಳ, ಅರ್ಧ ಹಾಡು ಮುಗಿಸಿರುತ್ತಾಳೆ. ಬಾಡಿಗೆ ಮನೆಯಲ್ಲಿರುವವಳು ಅವಳು, ಆದರೆ ಕನ್ನಡದಲ್ಲಿ ಬಾಡಿಗೆಗೆ ಇರುವವಳು ನಾನೇ ಎಂದು ಅವಳ ಮುಂದೆ ಅನಿಸಿಬಿಡುತ್ತದೆ.

ಹಬ್ಬಕ್ಕೆ ಹತ್ತು ದಿನವಿರುವಾಗ ಲಿಲ್ಲಿಬಾಯಿ ಕೊಡೆ ಹಿಡಿದು ಗದ್ದೆಯ ಬದುವಿನ ಮೇಲೆ ಬಂದಳು. ಲಿಲ್ಲಿಬಾಯಿ ನನ್ನ ನೆರೆಯವಳು, ಗೆಳತಿ. ಹಿತ್ತಿಲು ತುಂಬ ಮಲ್ಲಿಗೆ ಬೆಳೆಯುತ್ತಾಳೆ, ಇಗರ್ಜಿಯ ಹಬ್ಬದ ಓಡಾಟವೆಲ್ಲ ಅವಳದೇ. ನಾವಿಬ್ಬರೂ ಆಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

"ಹೊಡೆ ಕೂಡ ಬರಲಿಲ್ಲ ಅಲ್ವಾ ಜಲಜಕ್ಕ?"

"ಬರ್ತದೆ. ಇನ್ನೂ ಹತ್ತು ದಿನ ಉಂಟಲ್ಲ."

"ಹತ್ತು ದಿನದಲ್ಲಿ ಹುಲ್ಲು ತೆನೆ ಆಗ್ತದಾ ಮಾರಾಯ್ತಿ?" ಎಂದವಳು ಮೆಲ್ಲಗೆ ಕಣ್ಣನ್ನು ಪಕ್ಕದ ಗದ್ದೆಗೆ ಸರಿಸಿದಳು. ಇಷ್ಟು ವರ್ಷದ ಗೆಳೆತನದಲ್ಲಿ ಅವಳ ಕಣ್ಣು ಹಾಗೆ ಸರಿದದ್ದನ್ನು ನಾನು ನೋಡಿರಲಿಲ್ಲ. "ಅದು ಯಾರ ಬೆಳೆ?"

"ಗೊತ್ತಿಲ್ಲ" ಎಂದೆ.

ಅದೇ ಹೊತ್ತಿಗೆ ಕಳೆ ಕೀಳುತ್ತಿದ್ದ ಗಂಗವ್ವ ತೆನೆಗಳ ನಡುವಿನಿಂದ ಎದ್ದು ನಿಂತಳು. "ನಂದs ರೀ ಬಾಯಾರ!"

ನಾನು ಆಮೇಲೆ ಹೇಳಿದ್ದೆಲ್ಲ ಬಹಳ ಸುಂದರವಾಗಿತ್ತು. "ಯಾರ ಗದ್ದೆಯದಾದರೆ ಎಂತ? ದೇವರಿಗೆ ತಾನೇ? ನನಗೇನೂ ಬೇಸರ ಇಲ್ಲ ಲಿಲ್ಲಿಬಾಯಿ, ನೀನು ಧಾರಾಳ ಕೇಳು." ಹೀಗೆ ಹೇಳಿ ಮನೆಗೆ ಬಂದು, ಮಧ್ಯಾಹ್ನದ ಸಾರಿಗೆ ಉಪ್ಪು ಹಾಕಲು ಮರೆತೆ. ನಮ್ಮವರು ಒಂದು ತುತ್ತು ಬಾಯಿಗಿಟ್ಟು, "ಸಿಟ್ಟು ಯಾರ ಮೇಲೆ?" ಎಂದು ಕೇಳಿದರು.

ಮರುದಿನದಿಂದ ನನಗೆ ಹಿಡಿದದ್ದು ಒಂದು ಬಗೆಯ ಹುಚ್ಚು. ಬೆಳಗ್ಗೆ ಎದ್ದವಳೇ ಗದ್ದೆಗೆ ಹೋಗಿ, ಪೈರಿನ ಹೊಟ್ಟೆ ಒತ್ತಿ ಒತ್ತಿ ನೋಡುತ್ತಿದ್ದೆ. ಕಟಪಾಡಿಯಲ್ಲಿ ಬೀಜ ಗೊಬ್ಬರದ ಅಂಗಡಿಗೆ ಹೋಗಿ, ತೆನೆ ಬೇಗ ಬರುವ ಔಷಧಿ ಉಂಟಾ ಎಂದು ಕೇಳಿದೆ. ಅಂಗಡಿಯವರು ನನ್ನ ಹಳೆಯ ವಿದ್ಯಾರ್ಥಿ. "ಟೀಚರೇ, ಒಂದನೇ ಕ್ಲಾಸಿನ ಮಗುವನ್ನು ಸೀದಾ ಹತ್ತನೇ ಕ್ಲಾಸಿಗೆ ಕೂರಿಸ್ಲಿಕ್ಕೆ ಆಗ್ತದಾ?" ಎಂದರು. ಹಿಂದೆ ನಾನು ಅವರ ಅಪ್ಪನಿಗೆ ಏನೋ ಹೇಳಿರಬೇಕು, ಅದರ ಬಡ್ಡಿ.

ಆಮೇಲೆ ಹೊಳೆದದ್ದು ಕಾರ್ಕಳದ ವಾರಿಜಕ್ಕನ ಮನೆ. ಅಕ್ಕನ ಗದ್ದೆಯ ಒಂದು ಮೂಲೆಯಲ್ಲಿ ಇನ್ನೂ ಭತ್ತ ಬೆಳೆಯುತ್ತಾರೆ ಎಂದು ನನ್ನ ನೆನಪು. ಅಕ್ಕನ ಗದ್ದೆ ಎಂದರೆ ನಮ್ಮ ಕುಟುಂಬದ್ದೇ, ಅಲ್ಲಿಂದ ಒಂದು ಕಟ್ಟು ತೆನೆ ತಂದರೆ ಈ ವರ್ಷವೂ ನಮ್ಮ ಮನೆಯದೇ ಆಗುತ್ತದೆ ಎಂದು ಬಸ್ಸಿನಲ್ಲಿ ಕೂತು ನನಗೆ ನಾನೇ ಸಮರ್ಥಿಸಿಕೊಂಡೆ. ಭಾನುವಾರ ಬೆಳಗ್ಗೆ ಹೇಳದೆ ಕೇಳದೆ ಹೋಗಿ ನಿಂತದ್ದು ನೋಡಿ ಅಕ್ಕ ಹೆದರಿದಳು.

"ಎಂತ, ಯಾರಿಗಾದರೂ ಹುಷಾರಿಲ್ವಾ? ನಿನ್ನ ಮುಖ ನೋಡಿದರೆ ಯಾರೋ ಹೋದ ಹಾಗೆ ಉಂಟು."

ವಿಷಯ ಹೇಳಿದೆ. ಅಕ್ಕ ಅಂಗಳದ ಆಚೆಗೆ ಕೈ ತೋರಿಸಿದಳು. "ಆ ಮೂಲೆಯಲ್ಲಿ ಈಗ ಅಳಿಯನ ಕಾರು ನಿಲ್ಲುವುದು. ತೆನೆ ಬೇಕಾದರೆ ಉಡುಪಿಯ ರಥಬೀದಿಯಲ್ಲಿ ಕಟ್ಟು ಕಟ್ಟಿ ಮಾರ್ತಾರಲ್ಲ, ತಕ್ಕೊಳ್ಳಲಿಕ್ಕೆ ಆಗುದಿಲ್ವಾ?"

"ಕ್ರಯಕ್ಕೆ ತಂದದ್ದು ಕೊಟ್ಟರೆ ನನ್ನ ಹೆಸರು ಹೇಳ್ತಾರಾ?" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ನಗಲಿಲ್ಲ, ಅದೇ ದೊಡ್ಡದು. ಊಟ ಹಾಕಿ, ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಕಟ್ಟು ಬಸಳೆ ಕೊಟ್ಟು ಕಳಿಸಿದಳು.

ಕಟಪಾಡಿಯಲ್ಲಿ ಬಸ್ಸಿಳಿದರೆ ಎದುರಿಗೇ ಗಂಗವ್ವ, ತಲೆಯ ಮೇಲೆ ಮಣಿಪಾಲಕ್ಕೆ ಹೋಗುವ ರೊಟ್ಟಿಯ ಗಂಟು. ತಪ್ಪಿಸಿಕೊಳ್ಳಲು ರಿಕ್ಷಾದ ಮರೆಗೆ ಸರಿದೆ. ಬಸಳೆ ಹಿಡಿದ ಹೆಂಗಸು ಎಷ್ಟು ಅಡಗಿದರೂ ಎಲೆ ಕಾಣುತ್ತದೆ.

"ಟೀಚರಮ್ಮ, ನಿಮ್ಮನ್ನs ಹುಡುಕಾಕತ್ತಿದ್ನಿ" ಎಂದು ಗಂಟನ್ನು ಅಂಗಡಿಯ ಜಗಲಿಗೆ ಇಳಿಸಿದಳು. ಅವಳ ಮುಖದಲ್ಲಿ ಎಂದಿನ ನಗುವಿರಲಿಲ್ಲ. "ಲಿಲ್ಲಿ ಬಾಯಾರು ತೆನಿ ಕೇಳ್ಯಾರ. ನಾನೂ ಹೂಂ ಅಂದೀನಿ. ಆಮ್ಯಾಲೆ ಮನಸಿಗೆ ಕಸಿವಿಸಿ. ಕಾಳಿನ್ನೂ ಹಾಲು ಅದಾವ್ರಿ. ಹೊಲ ಈಗ ಬಸುರಿ ಇದ್ದಂಗ. ನಮ್ಮ ಕಡಿ ಸೀಗಿ ಹುಣ್ಣಿವಿಗೆ ಹೊಲಕ್ಕ ಬಯಕಿ ಉಣಿಸ್ತೀವಿ, ಚರಗ ಚೆಲ್ಲೂದು ಅಂತೀವಿ. ಅದಕ್ಕಿನ್ನ ತಿಂಗಳ ಮ್ಯಾಲೈತಿ. ಬಯಕಿ ತೀರಿಸದ ಬಸುರಿಗೆ ಕುಡಗೋಲು ಹೆಂಗ ಹಚ್ಚೂದ್ರಿ?"

ನೋಡಿ, ದೇವರು ಕೆಲವೊಮ್ಮೆ ಬಾಗಿಲು ಹೀಗೂ ತೆರೆಯುತ್ತಾನೆ. ಧ್ವನಿಯನ್ನು ಆದಷ್ಟು ಮೆತ್ತಗೆ ಮಾಡಿ ಹೇಳಿದೆ.

"ಮನಸ್ಸಿಗೆ ಬಾರದ ಕೆಲಸ ಮಾಡಬಾರದು ಗಂಗವ್ವ. ಆಗುವುದಿಲ್ಲ ಎಂದು ಹೇಳಿಬಿಡು. ಲಿಲ್ಲಿಬಾಯಿಗೆ ಬೇಕಾದರೆ ನಾನೇ ಹೇಳುತ್ತೇನೆ."

ಅವಳು ನನ್ನನ್ನು ದಿಟ್ಟಿಸಿದಳು. ಸಿಕ್ಕಿಬಿದ್ದೆ ಎಂದುಕೊಂಡೆ.

"ಛೇ ಛೇ, ದೇವ್ರು ಕೇಳಿದ್ದಕ್ಕ ಇಲ್ಲ ಅನ್ನಾಕ ಬರ್ತೈತೇನ್ರಿ? ಒಂದು ಕೆಲಸ ಮಾಡೂಣು. ಕೊಯ್ಯೂ ದಿನಾನs ಚರಗ ಚೆಲ್ಲಿಬಿಡೂಣು. ಹೊಲದವ್ವ ಸಿಟ್ಟಾಗಂಗಿಲ್ಲ, ಒಂದು ತಿಂಗಳ ಮೊದಲು ಉಂಡ್ರ ಯಾರಿಗೆ ಬ್ಯಾಸರ? ಇಗರ್ಜಿಯವರೆಲ್ಲಾ ಹೊಲಕ್ಕ ಉಣ್ಣಾಕ ಬರ್ಬೇಕು. ನೀವು ಎಲ್ಲಾರಿಗಿಂತ ಮುಂಚೆ ಬರ್ಬೇಕು." ಗಂಟು ಮತ್ತೆ ತಲೆಗೇರಿತು. ಹೊರಟವಳು ತಿರುಗಿ, "ಬಸಳಿ ಭಾಳ ಛಲೋ ಐತ್ರಿ" ಎಂದಳು. ಅರ್ಧ ಕಟ್ಟು ಕೊಡಬೇಕಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ಗದ್ದೆಯ ಬದಿಯ ದಿಬ್ಬದಲ್ಲಿ ಟಾರ್ಪಾಲು ಹಾಸಿ ಗಂಗವ್ವ ಬುತ್ತಿ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ, ಮೊಸರನ್ನ. ಲಿಲ್ಲಿಬಾಯಿಯ ಮೊಮ್ಮಕ್ಕಳು, ಹಾಡುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಗಂಗವ್ವನ ಸಾಲುಮನೆಯ ಸಂಸಾರಗಳು, ಎಲ್ಲ ಬಂದು ಅಷ್ಟು ವರ್ಷ ನನ್ನನ್ನು ಬಿಟ್ಟರೆ ಯಾರೂ ಕಾಲಿಡದ ಬೈಲಿನಲ್ಲಿ ಕೂರಲು ಜಾಗವಿಲ್ಲದ ಹಾಗಾಯಿತು. ಕೊಂಕಣಿ, ತುಳು, ಗಂಗಾವತಿ ಕನ್ನಡ ಒಟ್ಟಿಗೆ ಗಿಜಿಗುಟ್ಟಿದವು.

ಬರಿಗೈಯಲ್ಲಿ ಹೋಗುವವಳು ನಾನಲ್ಲ. ಬೆಳಗ್ಗೆ ಬೇಗ ಎದ್ದು ಪತ್ರೊಡೆ ಮಾಡಿದ್ದೆ. ಗಂಗವ್ವನ ರೊಟ್ಟಿಯ ಪಕ್ಕದಲ್ಲಿ ನನ್ನ ಪತ್ರೊಡೆ ಇರಲಿ, ಜನ ತೀರ್ಪು ಕೊಡಲಿ ಎಂದು. ಕೆಸುವಿನ ಎಲೆಗೆ ಹುಳಿ ಸರಿಯಾಗಿ ಬೀಳಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಅವಸರದಲ್ಲಿ ನಾನು ಹುಳಿ ಹಾಕಿದೆನೋ, ಹಾಕಿದೆನೆಂದು ಅಂದುಕೊಂಡೆನೋ. ಗಂಗವ್ವ ದೊಡ್ಡ ತುಂಡು ಬಾಯಿಗೆ ಹಾಕಿ, ಕಣ್ಣರಳಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ರುಚಿ ಏನೋ ಭಾರೀ ಐತಿ ಟೀಚರಮ್ಮ. ಗಂಟಲು ಯಾಕ ಕೆರಿಯಾಕತ್ತೈತ್ರಿ?"

ಹಾಡುವ ಮಕ್ಕಳಿಗೆ ಪತ್ರೊಡೆ ಕೊಡಬೇಡಿ ಎಂದು ಲಿಲ್ಲಿಬಾಯಿ ಕೊಂಕಣಿಯಲ್ಲಿ ಪಿಸುಗುಟ್ಟಿದ್ದು ನನಗೆ ಅರ್ಥವಾಯಿತು. ಆ ಮಟ್ಟಿನ ಕೊಂಕಣಿ ನನಗೆ ಬರುತ್ತದೆ. ನಮ್ಮವರು ಮೂರನೆಯ ರೊಟ್ಟಿಗೆ ಕೈ ಚಾಚುತ್ತಿದ್ದರು.

ಊಟಕ್ಕೆ ಕೂರುವ ಮೊದಲು ಅವಳು ಚರಗ ಚೆಲ್ಲಿದ್ದನ್ನು ಮಾತ್ರ ಹೇಳಲೇಬೇಕು. ಎಲ್ಲ ಅಡಿಗೆಯಿಂದ ಒಂದಿಷ್ಟು ಕಲಸಿ ಬುಟ್ಟಿಗೆ ಹಾಕಿಕೊಂಡು, ಗದ್ದೆಯ ಸುತ್ತ ನಡೆಯುತ್ತಾ ಹಿಡಿಹಿಡಿಯಾಗಿ ಪೈರಿನೊಳಕ್ಕೆ ಎರಚಿದಳು. ಬಾಯಲ್ಲಿ ಅದೇನೋ ಕೂಗು, ಗಂಡ ಹಿಂದಿನಿಂದ ದನಿಗೂಡಿಸುತ್ತಿದ್ದ. ಮಕ್ಕಳು ಹೂ ಎರಚಿ ಅಭ್ಯಾಸವಿದ್ದವರು, ತಾವೂ ಬುಟ್ಟಿಗೆ ಕೈಹಾಕಿ ಹಿಂದೆ ಓಡಿದರು. ಲಿಲ್ಲಿಬಾಯಿ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕೈಮುಗಿದೆ. ಆ ಒಂದು ಗಳಿಗೆ ನನ್ನ ಹೊಟ್ಟೆಯ ಕಿಚ್ಚು ಕೂಡ ಸುಮ್ಮನೆ ನಿಂತು ನೋಡಿತು.

ಗಳಿಗೆ ಕಳೆಯಿತು. ಊಟವಾದ ಮೇಲೆ ಗಂಗವ್ವ ಕುಡುಗೋಲನ್ನು ನನ್ನ ಕೈಗಿಟ್ಟು, "ಮೊದಲ ಹಿಡಿ ನೀವು ಕೊಯ್ರಿ, ಇಷ್ಟು ವರ್ಷ ಕೊಟ್ಟಾಕಿ ನೀವು" ಎಂದಳು. ಅವಳೊಬ್ಬಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಿತ್ತು! ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ಪಟ್ಟವರಿಗೇ ಗೊತ್ತು. ಪುಣ್ಯಕ್ಕೆ ನಾನು ಬಗ್ಗಿದ ಕೂಡಲೇ ಅವಳು, "ಹಂಗಲ್ರಿ ಟೀಚರಮ್ಮ, ಬುಡಕ್ಕ ಹಿಡೀರಿ, ತೆನಿ ಉದುರ್ತೈತಿ" ಎಂದು ಪಾಠ ಶುರು ಮಾಡಿದಳು. ಇಷ್ಟು ವರ್ಷ ತೆನೆ ಕೊಯ್ದವಳಿಗೆ! ನನ್ನ ಸಿಟ್ಟು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

ಹಬ್ಬದ ದಿನ ಹೋಗುವುದೇ ಬೇಡ ಎಂದುಕೊಂಡಿದ್ದೆ. ಹೋಗದಿದ್ದರೆ ಜನ ಕಾರಣ ಊಹಿಸುತ್ತಾರೆ ಎಂದು ಹೋದೆ. ಹಿಂದೆಲ್ಲಾದರೂ ಕೂರುವ ಎಂದರೆ ಲಿಲ್ಲಿಬಾಯಿ ಬಿಡಲಿಲ್ಲ. "ನಿನ್ನ ಜಾಗ ಯಾವಾಗಲೂ ಇಲ್ಲೇ" ಎಂದು ಮೊದಲ ಸಾಲಿನ ಕುರ್ಚಿಗೆ ನೂಕಿದಳು. ಪಕ್ಕದ ಕುರ್ಚಿ ಗಂಗವ್ವನಿಗೆ. ಅದು ಖಾಲಿಯಿತ್ತು. ತಿರುಗಿ ನೋಡಿದರೆ, ಬೈಲಿನಲ್ಲಿ ಅಷ್ಟು ಗದ್ದಲ ಮಾಡುವವಳು ಇಳಕಲ್ ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಕಟ್ಟಕಡೆಯ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು. ಪೂಜೆ ಹೇಗೆ, ಯಾವಾಗ ಏಳಬೇಕು, ಯಾವಾಗ ಕೂರಬೇಕು, ಅವಳಿಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕದ್ದು ನೋಡುತ್ತಿದ್ದಳು. ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ?

ತೆನೆಗಳ ಆಶೀರ್ವಾದವಾಯಿತು, ಪೂಜೆ ಮುಗಿಯಿತು. ಪಾದ್ರಿಗಳು ಮೈಕಿನ ಮುಂದೆ ಬಂದು ಕೃತಜ್ಞತೆ ಶುರು ಮಾಡಿದರು. ಹೂ ಕೊಟ್ಟವರಿಗೆ ದೇವ್ ಬರೆಂ ಕರುಂ. ಹೂ ಎರಚಿದ ಮಕ್ಕಳಿಗೆ ಹಂಚಲು ಕಬ್ಬು ತರಿಸಿದವರಿಗೆ ದೇವ್ ಬರೆಂ ಕರುಂ. ಹಾಡಿದವರಿಗೆ ದೇವ್ ಬರೆಂ ಕರುಂ. ಆಮೇಲೆ ಅವರು ಏನೋ ಹೇಳಿದರು, ಮೈಕು ಕಿರ್ರೆಂದು ಕೂಗಿತು, ಮತ್ತೊಮ್ಮೆ "ದೇವ್ ಬರೆಂ ಕರುಂ" ಎಂಬುದು ಮಾತ್ರ ಕೇಳಿತು.

ನಾನು ಎದ್ದು ನಿಂತಿದ್ದೆ.

ತಲೆಗೆ ಎಲ್ಲವೂ ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಹಾಡಿದವರ ನಂತರ ಏಳುವುದು ಅದಕ್ಕೆ ವರ್ಷಗಳ ರೂಢಿ. ಅತ್ತ ಒಮ್ಮೆ ಕೈಮುಗಿದು ಇತ್ತ ತಿರುಗುವಾಗ ಲಿಲ್ಲಿಬಾಯಿಯ ಮುಖ ಕಂಡಿತು. ಆ ಮುಖ ನೋಡಿದ ಮೇಲೆ ಪಾದ್ರಿಗಳು ಹೇಳಿದ ಹೆಸರು ಯಾರದೆಂದು ವಿಚಾರಿಸುವ ಅಗತ್ಯವಿರಲಿಲ್ಲ. ನಾನು ಬಯಸಿದ ಹಾಗೆಯೇ ಅಷ್ಟೂ ಸಂಸಾರಗಳು ನನ್ನನ್ನು ನೋಡುತ್ತಿದ್ದವು.

ಕೂತರೆ ಮುಗಿಯಿತು, ಮುಂದಿನ ಹತ್ತು ವರ್ಷ ಊರವರಿಗೆ ಹೇಳಲು ಕಥೆ. ನಿಂತೇ ಇರುವ ಹಾಗೂ ಇಲ್ಲ. ಉಳಿದದ್ದು ಒಂದೇ, ನಡೆಯುವುದು. ನಡೆದೆ. ಎಲ್ಲಿಗೆಂದು ಗೊತ್ತಿಲ್ಲದೆ ಕುರ್ಚಿಗಳ ನಡುವಿನ ದಾರಿಯಲ್ಲಿ ಹಿಂದಕ್ಕೆ ಹೋದೆ. ಕೊನೆಯ ಸಾಲಿನಲ್ಲಿ ಗಂಗವ್ವ ಕಂಡಳು. ಮುಳುಗುವವರು ಕೊಂಬೆ ಹಿಡಿಯುವ ಹಾಗೆ ಅವಳ ಕೈ ಹಿಡಿದೆ.

"ಏಳು, ನನ್ನ ಜೊತೆ ಬಾ."

"ಎಲ್ಲಿಗ್ರಿ? ನಾ ಏನ್ ತಪ್ಪು ಮಾಡೀನ್ರಿ?"

"ನೀನಲ್ಲ ಮಾರಾಯ್ತಿ. ಸುಮ್ಮನೆ ಬಾ, ನನ್ನ ಮರ್ಯಾದೆ ಹೋಗ್ತಾ ಉಂಟು."

ಚಪ್ಪಲಿ ಕೈಯಲ್ಲಿ ಹಿಡಿದೇ ಬಂದಳು. ಇಬ್ಬರೂ ಮೊದಲ ಸಾಲಿನ ಮುಂದೆ ನಿಂತೆವು. ಯಾರೋ ಒಬ್ಬರು ಚಪ್ಪಾಳೆ ಶುರು ಮಾಡಿದರು, ಅಂಗಳವೆಲ್ಲ ಸೇರಿತು. ಪಾದ್ರಿಗಳು ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದರು. "ನೋಡಿ, ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕೈಹಿಡಿದು ಕರೆತರುವುದು. ಇವತ್ತಿನ ಪ್ರವಚನದಲ್ಲಿ ನಾನು ಹೇಳಲಿಕ್ಕೆ ಕಷ್ಟಪಟ್ಟದ್ದನ್ನು ಟೀಚರ್ ಮಾಡಿ ತೋರಿಸಿದರು." ಅವರ ಕಣ್ಣು ಒದ್ದೆಯಾಗಿತ್ತು. ಗಂಗವ್ವನ ಕಣ್ಣೂ. ನನ್ನ ಕಣ್ಣಿನಲ್ಲೂ ನೀರಿತ್ತು, ಅದರ ಕಾರಣ ಬೇರೆ.

ಅಂಗಳದಲ್ಲಿ ಕಬ್ಬು ಹಂಚುವಾಗ ಎಷ್ಟೋ ಜನ ಬಂದು ನನ್ನ ಕೈ ಕುಲುಕಿದರು. ದೊಡ್ಡ ಮನಸ್ಸು ಟೀಚರೇ, ಎಲ್ಲರಿಗೂ ಬರುವುದಿಲ್ಲ ಎಂದರು. ನಾನು ಇರಲಿ ಇರಲಿ ಎಂದು ತಲೆತಗ್ಗಿಸಿದೆ, ಅದನ್ನು ಅವರು ವಿನಯದ ಲೆಕ್ಕಕ್ಕೆ ಬರೆದುಕೊಂಡರು. ಯಾರೋ ತೆಗೆದ ಫೋಟೋ ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಬಂತು. ಶಾಲೆಯಲ್ಲಿ ಹೆಡ್‌ಮಾಸ್ತರರು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನನ್ನ ಉದಾಹರಣೆ ಕೊಟ್ಟು ಮಾತಾಡಿದರು. ಜೀವನವಿಡೀ ನಾನು ಬೇಕೆಂದು ಮಾಡಿದ ಒಳ್ಳೆಯ ಕೆಲಸ ಒಂದಕ್ಕೂ ಇಷ್ಟು ಹೊಗಳಿಕೆ ಬಂದದ್ದಿಲ್ಲ.

ನಮ್ಮವರು ಮಾತ್ರ ಕಬ್ಬು ಜಗಿಯುತ್ತಾ ಕೇಳಿದರು, "ನೀನು ಎದ್ದದ್ದು ಅವಳನ್ನು ಕರೆಯಲಿಕ್ಕಾ?"

"ಮತ್ತೆ ಎಂತಕ್ಕೆ?"

"ಹಾಗಾದರೆ ಕೈಮುಗಿದದ್ದು ಯಾರಿಗೆ?" ಎಂದು ಸಿಪ್ಪೆ ಉಗುಳಿ ಮುಂದೆ ನಡೆದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಪಾಠ ಕಲಿತವಳಾಗಿ ಇದನ್ನು ಬರೆಯಬಹುದಿತ್ತು. ಆದರೆ ಹದಿನೈದು ದಿನ ಕಳೆದ ಮೇಲೆ ನನ್ನ ಗದ್ದೆಯಲ್ಲಿ ತೆನೆ ಬಂತು. ಎಂಥ ತೆನೆ! ಗೇಣುದ್ದ, ಒತ್ತೊತ್ತಾಗಿ ಕಾಳು. ಯಾವ ದೇವರಿಗೂ ಬೇಡದ ಹೊತ್ತಿನಲ್ಲಿ ಬಂದದ್ದು ನಿಜ, ಆದರೂ ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ಒಂದು ಸಂಜೆ ಗಂಗವ್ವ ತನ್ನ ಗದ್ದೆಯ ಬದುವಿನಲ್ಲಿ ನಿಂತು ನನ್ನ ತೆನೆಗಳನ್ನು ನೋಡುತ್ತಿದ್ದಳು. ಅವಳ ಪೈರು ಆಗಲೇ ಹಳದಿಗೆ ತಿರುಗಿತ್ತು.

"ನಿಮ್ಮವು ನಮ್ಮಕ್ಕಿಂತ ಉದ್ದ ಅದಾವಲ್ರಿ" ಎಂದಳು. ದನಿ ಸ್ವಲ್ಪ ಒಣಗಿತ್ತು. "ಏನ್ ಹಾಕೀರಿ?"

"ಏನೂ ಇಲ್ಲ. ಹಟ್ಟಿಗೊಬ್ಬರ."

"ಹಟ್ಟಿಗೊಬ್ಬರಕ್ಕ ಇಷ್ಟುದ್ದ ಬರ್ತಾವೇನು?" ಎಂದು ಒಂದು ತೆನೆಯನ್ನು ಬೆರಳಲ್ಲಿ ಎತ್ತಿ, ತೂಗಿ, ಬಿಟ್ಟಳು. ಆ ಬಿಡುವ ರೀತಿ ನನಗೆ ಗುರುತಿದ್ದದ್ದೇ. ಅವಳ ಹೊಟ್ಟೆಯಲ್ಲಿ ಏನು ಉರಿಯುತ್ತಿತ್ತೆಂದು ನನ್ನ ಹೊಟ್ಟೆಗೆ ತಿಳಿಯದೆ? ತಿಂಗಳುಗಟ್ಟಲೆ ಅವಳ ಮೇಲೆ ಬಾರದ ಪ್ರೀತಿ ಅವತ್ತು ಒಮ್ಮೆಗೇ ಉಕ್ಕಿ ಬಂತು.

ಅಷ್ಟರಲ್ಲಿ ಲಿಲ್ಲಿಬಾಯಿ ಮಲ್ಲಿಗೆಯ ಬುಟ್ಟಿ ಸೊಂಟಕ್ಕಿಟ್ಟು ಬಂದಳು. ಬಹಳ ಖುಷಿಯಲ್ಲಿದ್ದಳು. "ನಿಮ್ಮಿಬ್ಬರನ್ನು ನೋಡಿ ನನಗೂ ಆಸೆ ಆಯ್ತು. ನಮ್ಮ ಹಡಿಲು ಗದ್ದೆ ಉಂಟಲ್ಲ ತೋಡಿನ ಆಚೆ, ಬರುವ ವರ್ಷ ಅದರಲ್ಲಿ ಭತ್ತ ಬೆಳೆಯಲಿಕ್ಕೆ ತಮ್ಮ ಒಪ್ಪಿದ. ಫಾದರಿಗೂ ಹೇಳಿ ಆಯ್ತು. ಇಗರ್ಜಿಯವರದ್ದೇ ಗದ್ದೆಯ ತೆನೆ ಇಗರ್ಜಿಗೆ, ಒಳ್ಳೆಯದಲ್ವಾ?"

"ಒಳ್ಳೆಯದು" ಎಂದೆ.

"ಛಲೋ ಆತ್ರಿ" ಎಂದಳು ಗಂಗವ್ವ.

ಲಿಲ್ಲಿಬಾಯಿ ಇಬ್ಬರಿಗೂ ಒಂದೊಂದು ತುಂಡು ಮಲ್ಲಿಗೆ ಕೊಟ್ಟು, ಹಾಡು ಗುನುಗುತ್ತಾ ಹೋದಳು. ಅವಳ ಬೆನ್ನು ತೋಡಿನ ನೀರು ದಾಟುವವರೆಗೆ ಗಂಗವ್ವ ಕಾದಳು. ಆಮೇಲೆ ಬದುವಿನ ಮೇಲೆ ನನ್ನ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದಳು.

"ಟೀಚರಮ್ಮ, ನಮ್ಮ ಬಾವ್ಯಾಗ ನೀರು ಐತಿ. ಬರೂ ವರ್ಷ ಬಾಯಾರಗಿಂತ ಮೊದಲs ಇಬ್ರೂ ಬೀಜ ಹಾಕಿಬಿಡೂಣೇನ್ರಿ?"

"ಹಾಕುವ" ಎಂದೆ.